ಮೊದಲು ಕಾಲಿಟ್ಟವರು

ಹೊಸದಾಗಿ ನಿಲ್ಲಿಸಿದ ಸ್ಮಾರಕ ಹಲಗೆಯಲ್ಲಿ ಯಾರ ಅಜ್ಜನ ಹೆಸರು ಮೇಲಿರಬೇಕು ಎಂಬುದಕ್ಕೆ ದ್ವೀಪದ ದೋಣಿಕಟ್ಟೆಯಲ್ಲಿ ಬೆಳಗಿನಿಂದ ಜಟಾಪಟಿ. ಒಂದು ಕಡೆ ಬೇಸಿಗೆ ನಿವಾಸಿಗಳ ಸಂಘದ ಅಧ್ಯಕ್ಷರು, ಇನ್ನೊಂದು ಕಡೆ ನಿವೃತ್ತ ಜಡ್ಜ್ ಸಾಹೇಬರು. ವರ್ಷಕ್ಕೆರಡು ತಿಂಗಳು ಬಂದು ಗಾಳಿ ತಿರುಗುವ ಮುನ್ನ ಗಂಟುಮೂಟೆ ಕಟ್ಟುವ ಇವರಿಬ್ಬರೂ 'ನಮ್ಮ ದ್ವೀಪ' ಎನ್ನುವಾಗ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಅವರನ್ನು ಆಚೆ ದಡ ಸೇರಿಸಬೇಕಾದ ದೋಣಿಯವನು ಹಗ್ಗ ಹಿಡಿದು ಕಾಯುತ್ತಿದ್ದ.

"ನಮ್ಮಿಬ್ಬರ ಅಜ್ಜಂದಿರೂ ಬಂದದ್ದು ನಿಮ್ಮಜ್ಜನ ದೋಣೀಲೇ ಅಲ್ವೇನಯ್ಯ? ಮೊದಲು ಕಾಲಿಟ್ಟೋರು ಯಾರು, ನೀನೇ ಹೇಳು," ಎಂದರು ಜಡ್ಜ್.

"ಕಾಲು ಯಾರೂ ಇಡಲಿಲ್ವಂತೆ ಸಾರ್. ವಾಂತಿ ಮಾಡಿ ಮಾಡಿ ಇಬ್ಬರೂ ಸುಸ್ತಾಗಿದ್ರಂತೆ. ನಮ್ಮಜ್ಜ ಒಬ್ಬೊಬ್ಬರನ್ನೇ ಬೆನ್ನ ಮೇಲೆ ಹೊತ್ತು ಇಳಿಸಿದ್ರು ಅಂತ ಅಜ್ಜಿ ಹೇಳ್ತಿದ್ರು."

"ಮೊದಲು ಯಾರನ್ನ ಹೊತ್ತಿದ್ದು?"

"ದಪ್ಪಗಿದ್ದೋರನ್ನ. ಇಲ್ಲಾಂದ್ರೆ ದೋಣಿ ಮಗುಚ್ತಿತ್ತಲ್ಲ!"

"ಹಾಗಾದ್ರೆ ನಮ್ಮಜ್ಜನೇ! ಆನೆ ಥರ ಇದ್ರು," ಎಂದರು ಅಧ್ಯಕ್ಷರು. ತಮ್ಮ ಅಜ್ಜನಿಗೆ ಕುರ್ಚಿಯನ್ನೇ ಬೇರೆ ಮಾಡಿಸಬೇಕಾಗಿತ್ತು ಎಂದು ಜಡ್ಜ್ ಪಟ್ಟು ಹಿಡಿದರು. ಸತ್ತವರನ್ನು ತೂಗಲು ತಕ್ಕಡಿ ಸಿಗದೆ, ಹೆಸರಿನ ಹಿತ್ತಾಳೆ ಪಟ್ಟಿಗಳನ್ನು ಅಕ್ಕಪಕ್ಕ ಹೊಡೆಯುವುದೆಂದು ರಾಜಿಯಾಯಿತು. ಸುತ್ತಿಗೆ ದೋಣಿಯವನ ಕೈಗೆ ಬಂತು.

ಆಗಲೇ ಅವನು ಹಲಗೆಯನ್ನು ಹತ್ತಿರದಿಂದ ಓದಿದ್ದು: 'ನಿರ್ಜನವಾಗಿದ್ದ ಈ ದ್ವೀಪಕ್ಕೆ ಮೊದಲು ಕಾಲಿಟ್ಟ ಮಹನೀಯರು.'

"ನಿರ್ಜನ ಅಂದ್ರೆ ಜನವೇ ಇರಲಿಲ್ಲ ಅಂತ ತಾನೆ ಸಾರ್? ನಮ್ಮೋರದ್ದೇ ಮೂವತ್ತು ಮನೆ ಇತ್ತಲ್ಲ!"

ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ನೀವು ಇದ್ದೇ ಇದ್ರಿ, ಯಾರು ಇಲ್ಲ ಅಂದ್ರು? ಇದು ಇತಿಹಾಸ ಕಣಯ್ಯ, ಅದೇ ಬೇರೆ."

ಅಜ್ಜ ಹೊತ್ತದ್ದು ಈಗ ತನ್ನ ಬೆನ್ನಿಗೆ ಭಾರವಾದಂತೆ ಅವನಿಗನ್ನಿಸಿತು. ಮೊಳೆಗಳನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಹೊಡೆದ.

ದೋಣಿ ಹತ್ತುವ ಮುಂಚೆ ಅಧ್ಯಕ್ಷರು ಪ್ರತಿವರ್ಷದಂತೆ ಹದಿನಾಲ್ಕು ಬಂಗಲೆಗಳ ಬೀಗದ ಕೈ ಗೊಂಚಲು ಚಾಚಿದರು. ಇನ್ನು ಹತ್ತು ತಿಂಗಳು ಹಾರಿದ ಹೆಂಚು ಹೊದಿಸುವುದು, ಜಗಲಿಗೆ ನುಗ್ಗಿದ ಮರಳು ಗುಡಿಸುವುದು, ರಾತ್ರಿ ಕಾವಲು, ಎಲ್ಲವೂ ಅವನ, ಅವನವರ ಪಾಲಿಗೆ.

ಗೊಂಚಲನ್ನು ತೆಗೆದುಕೊಂಡವನೇ ಹಲಗೆಯ ಮೂಲೆಯ ಮೊಳೆಗೆ ತಗುಲಿಹಾಕಿ, ಹಗ್ಗ ಬಿಚ್ಚತೊಡಗಿದ.

"ಏಯ್, ಅಲ್ಯಾಕೆ ಹಾಕ್ದೆ? ಯಾರಾದ್ರೂ ಎತ್ಕೊಂಡು ಹೋದ್ರೆ?"

"ಜನವೇ ಇಲ್ಲದ ದ್ವೀಪ," ಎಂದ ದೋಣಿಯವನು. "ಕಳ್ಳರ ಭಯ ಎಲ್ಲಿಂದ ಬರ್ಬೇಕು ಸಾರ್? ಹತ್ತಿ, ಗಾಳಿ ತಿರುಗ್ತಾ ಇದೆ."