ಎಂಟನೆಯ ಕಾಲಂ

"ಪುಸ್ತಕ ಜೋಡಿಸೋದು, ಮೊಹರು ಹಾಕೋದು, ಸದ್ದು ಮಾಡಬೇಡಿ ಅನ್ನೋದು. ಅಷ್ಟು ಬರಿ, ಸಾಕು," ಎಂದರು ಸೂಪರಿಂಟೆಂಡೆಂಟ್. ಗ್ರಂಥಾಲಯದಲ್ಲಿ ಅವಳ ನೌಕರಿ ಖಾಯಂ ಆಗಲು ಬೇಕಾದ ಫಾರಂನಲ್ಲಿ ಎಂಟನೆಯ ಕಾಲಂ ಮಾತ್ರ ಖಾಲಿ ಉಳಿದಿತ್ತು: 'ಗ್ರಂಥಾಲಯ ವಿಜ್ಞಾನ ಪದವಿಯಿಂದ ಗಳಿಸಿದ ವೃತ್ತಿ ಕೌಶಲಗಳು.' "ಇದಕ್ಕೆ ಎರಡು ವರ್ಷ ಓದಬೇಕಿತ್ತಾ ಅಂತ ಮೇಲಿನವರು ನಗಬಹುದು. ನಗಲಿ ಬಿಡು. ಮಧ್ಯಾಹ್ನದೊಳಗೆ ಕೊಟ್ಟರೆ ಸಹಿ ಹಾಕಿ ಕಳಿಸ್ತೀನಿ."

ಅವಳು ಎಂದಿನಂತೆ ತಲೆಯಾಡಿಸಿದಳು. ಮನೆಯಲ್ಲಿ ಅಕ್ಕಂದಿರು ಅವಳಿಗಿಟ್ಟ ಅಡ್ಡಹೆಸರು 'ಪಿಸುಪಿಸು'. ಗಟ್ಟಿಯಾಗಿ ಆಡಬೇಕಾದ ಮಾತುಗಳೆಲ್ಲ ಅವಳಿಗೆ ಹೊಳೆಯುತ್ತಿದ್ದುದು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆ. ಪೆನ್ನಿನ ಮುಚ್ಚಳ ತೆಗೆದಿದ್ದಳಷ್ಟೇ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಹಿರಿಯರೊಬ್ಬರು ಸೀದಾ ಒಳಗೆ ಬಂದರು. ಗ್ರಂಥಾಲಯ ಸಮಿತಿಯ ಸದಸ್ಯರು. ಸೂಪರಿಂಟೆಂಡೆಂಟ್ ಅರ್ಧ ಕುಡಿದ ಟೀ ಲೋಟವನ್ನು ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರಿನ ಮೇಲೆ ಕುಕ್ಕಿ, ಎದ್ದು ನಿಂತರು.

"ನಮ್ಮ ಸೊಸೆ ನಾಲ್ಕು ದಿನದಿಂದ ಇಲ್ಲಿಗೆ ಬರ್ತಿದಾಳಂತೆ," ಎಂದರು ಹಿರಿಯರು. "ಕಸೂತಿ ಪುಸ್ತಕ ನೋಡೋಕೆ ಅಂತಾಳೆ. ಅವಳ ಕೈಯಲ್ಲಿ ಸೂಜಿ ಇದ್ದಿದ್ದನ್ನ ನಾನಂತೂ ಕಂಡಿಲ್ಲ. ಏನು ಓದ್ತಾಳೆ ಹೇಳಮ್ಮ."

ಆ ಸೊಸೆ ಮೊದಲು ಕೇಳಿದ್ದು ಕಸೂತಿ ಪುಸ್ತಕವನ್ನೇ. ಜನ ಮೊದಲು ಕೇಳುವುದಕ್ಕೂ ಅವರಿಗೆ ನಿಜವಾಗಿ ಬೇಕಿರುವುದಕ್ಕೂ ಬಹಳ ಸಲ ಸಂಬಂಧವಿರುವುದಿಲ್ಲ, ಮೆಲ್ಲಗೆ ಇನ್ನೆರಡು ಪ್ರಶ್ನೆ ಕೇಳಬೇಕು ಎಂದು ತರಗತಿಯಲ್ಲಿ ಕಲಿಸಿದ್ದರು. ಅವಳು ಕೇಳಿದ್ದಳು. ಯಾರಿಗಾಗಿ ಬೇಕು? ಎಷ್ಟು ಬೇಗ ಬೇಕು? ಎರಡನೆಯ ಪ್ರಶ್ನೆಗೆ ಆ ಹೆಂಗಸು ಹಿಂದೆ ಮುಂದೆ ನೋಡಿ ಕೇಳಿದ್ದಳು: "ಮನೆ ಬಿಟ್ಟು ಹೊರಟರೆ ಮಗು ಯಾರ ಹತ್ತಿರ ಇರುತ್ತೆ ಅಂತ ಯಾವ ಪುಸ್ತಕದಲ್ಲಿದೆ?" ಅಂದಿನಿಂದ ದಿನಾ ಸಂಜೆ ಆಕೆ ಮೂಲೆಯ ಬೆಂಚಿನಲ್ಲಿ ಕೂತು, ಕಾನೂನು ಪುಸ್ತಕವೊಂದನ್ನು ಬೆರಳಿಟ್ಟು ಓದುತ್ತಿದ್ದಳು.

"ಅದನ್ನ ಹೇಳೋ ಹಾಗಿಲ್ಲ ಸರ್."

"ಹೇಳೋ ಹಾಗಿಲ್ವಾ?" ಸೂಪರಿಂಟೆಂಡೆಂಟರಿಗೆ ನಗು ಬಂತು. "ಏನಮ್ಮ, ನೀನೇನು ಡಾಕ್ಟರಾ?"

"ಡಾಕ್ಟರು ಹೇಳ್ತಾರಾ ಸರ್, ರೋಗಿ ವಿಷಯಾನ?"

"ಅವಳು ನಮ್ಮನೆ ಹೆಣ್ಣುಮಗಳು!" ಹಿರಿಯರು ಮೇಜು ಗುದ್ದಿದರು.

"ಇಲ್ಲಿ ಅವರು ಓದುಗರು."

ಒಳಗೆ ಕೂತು ಓದುವವರು ಹೆಸರು ಮತ್ತು ಪುಸ್ತಕದ ನಂಬರು ಬರೆದು ಹಾಕುವ ಚೀಟಿಗಳ ಡಬ್ಬಿಯನ್ನೇ ಸೂಪರಿಂಟೆಂಡೆಂಟ್ ಎತ್ತಿ ಮೇಜಿನ ಮೇಲೆ ಬೋರಲು ಹಾಕಿದರು. ಎರಡು ನಿಮಿಷದಲ್ಲಿ ಸೊಸೆಯ ಹೆಸರಿನ ನಾಲ್ಕು ಚೀಟಿ ಅವರ ಕೈಯಲ್ಲಿದ್ದವು. ನಾಲ್ಕರಲ್ಲೂ ಒಂದೇ ನಂಬರು: 11382.

"ನಾಲ್ಕು ದಿನವೂ ಒಂದೇ ಪುಸ್ತಕ!" ಹಿರಿಯರ ಮುಖ ಕೆಂಪಾಯಿತು. "ಯಾವುದಿದು?"

ಅವಳು ಚೆಲ್ಲಿದ ಚೀಟಿಗಳನ್ನು ಒಟ್ಟುಮಾಡಿ ಡಬ್ಬಿಗೆ ತುಂಬತೊಡಗಿದಳು.

"ಬಾಯಿಗೆ ಬೀಗ ಹಾಕ್ಕೊಂಡೇ ಇರು. ಬನ್ನಿ ಸರ್, ನಾವೇ ಹುಡುಕೋಣ. ಪುಸ್ತಕ ಹುಡುಕೋಕೆ ಡಿಗ್ರಿ ಬೇರೆ ಬೇಕಾ!"

ಇಬ್ಬರೂ ಕಪಾಟುಗಳ ನಡುವೆ ನುಗ್ಗಿದರು. ಪುಸ್ತಕಗಳ ಬೆನ್ನ ಮೇಲಿರುವುದು ವಿಷಯದ ಸಂಖ್ಯೆ. 11382 ಎಂಬುದು ಆ ಪುಸ್ತಕ ಗ್ರಂಥಾಲಯಕ್ಕೆ ಬಂದ ದಿನ ಕೊಟ್ಟ ಕ್ರಮಸಂಖ್ಯೆ, ಇರುವುದು ಒಳಪುಟದಲ್ಲಿ. ಹದಿನಾಲ್ಕು ಸಾವಿರ ಪುಸ್ತಕಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಇಲ್ಲವೇ ಯಾವ ಕ್ರಮಸಂಖ್ಯೆ ಯಾವ ಪುಸ್ತಕದ್ದು ಎಂದು ಸಾಲುಸಾಲಾಗಿ ಬರೆದಿಟ್ಟ ರಿಜಿಸ್ಟರನ್ನು ತೆರೆಯಬೇಕು. ಅದು ಟೀ ಲೋಟದ ಕೆಳಗೆ ತಣ್ಣಗೆ ಮಲಗಿತ್ತು. ಅದರ ಪ್ರತಿ ಪುಟದ ಅಡಿಯಲ್ಲೂ ಸೂಪರಿಂಟೆಂಡೆಂಟರ ಸಹಿಯಿತ್ತು. ಹನ್ನೊಂದು ವರ್ಷಗಳಿಂದ, ಪುಟ ತಿರುವಿ ಹಿಡಿದವರ ಕಡೆಗೂ ನೋಡದೆ, ಫೋನಿನಲ್ಲಿ ಮಾತಾಡುತ್ತಲೇ ಹಾಕಿದ ಸಹಿಗಳು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಬಂದರು. ಬಿಳಿ ಅಂಗಿಯ ತೋಳು ಧೂಳಿನಿಂದ ಬೂದು ಬಣ್ಣಕ್ಕೆ ತಿರುಗಿತ್ತು.

"ಹನ್ನೊಂದು ಸಾವಿರದ ನಂಬರೇ ಇಲ್ಲ ಇಲ್ಲಿ! ಎಲ್ಲ ಅಡ್ಡಾದಿಡ್ಡಿ ಇಟ್ಟಿದ್ದೀಯ," ಎಂದು ಸೂಪರಿಂಟೆಂಡೆಂಟ್ ಸಿಡುಕಿದರು. "ಇದನ್ನೇ ಕಲಿತು ಬಂದಿದ್ದಾ ಎರಡು ವರ್ಷ? ಕೇಳು, ಈಗ ಹೇಳಿದರೆ ಸರಿ. ಇಲ್ಲದಿದ್ದರೆ ನಿನ್ನ ಫಾರಂ ಮೇಲೆ ನನ್ನ ಸಹಿ ಬೀಳಲ್ಲ."

ಹೆದರಿಕೆ ಅವಳಿಗೆ ಚಿಕ್ಕಂದಿನಿಂದ ಪರಿಚಯ, ಇದು ಅದಲ್ಲ. ಪಡೆದ ಒಂದೊಂದು ಅಂಕ, ಬರೆದ ಒಂದೊಂದು ಪರೀಕ್ಷೆ, ಇವರು ಕಾಲಲ್ಲಿ ಒದ್ದ ಹಾಗೆ ಆಡಿದ ಒಂದೊಂದು ಮಾತು, ಎಲ್ಲ ಒಟ್ಟಿಗೆ ಎದೆಯಿಂದ ಮೇಲೇರಿ ಬಂತು. ಟೀ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು, ಅದರ ಮೇಲೆ ಫಾರಂ ಇಟ್ಟು, ಇಬ್ಬರ ಎದುರಿಗೇ ಎಂಟನೆಯ ಕಾಲಂ ತುಂಬಿದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ವಾಚನಾಲಯದಲ್ಲಿ ಎರಡು ಮೂರು ತಲೆಗಳು ಪತ್ರಿಕೆಯಿಂದ ಮೇಲೆದ್ದವು.

"ಬೇಕಾದವರಿಗೆ ಪುಸ್ತಕ ಹುಡುಕಿಕೊಡುವುದು. ಯಾರು ಏನು ಓದುತ್ತಾರೆಂದು ಯಾರಿಗೂ ಹೇಳದಿರುವುದು."

ಫಾರಂ ಅನ್ನು ಸೂಪರಿಂಟೆಂಡೆಂಟರ ಮುಂದೆ ಚಾಚಿ, ರಿಜಿಸ್ಟರನ್ನು ಕಪಾಟಿನೊಳಗಿಟ್ಟು ಬೀಗ ತಿರುವಿದಳು.

"ಇದನ್ನಾದರೂ ಓದಿ ಸಹಿ ಹಾಕಿ, ಸರ್."