ಅರ್ಧ ಮುಖ

"ಮುಟ್ಟಬೇಡಿ ಅಂತ ಬೋರ್ಡು ಹಾಕಿದಾರೆ, ಕಾಣಲ್ವಾ?" ಎಂದು ತಾಯಿ ಎರ್ಸೀಲಿಯಾ ಗದರಿದರು. ತಾಯಿಯ ಕೋಟಿನ ಗುಂಡಿ ಹಾಕಲು ಚಾಚಿದ್ದ ಕೈಯನ್ನು ನೀವೆಸ್ ಹಿಂದಕ್ಕೆಳೆದುಕೊಂಡಳು. ಎಂಟು ತಿಂಗಳಿಂದ ತಾಯಿ ಅವಳ ಗುರುತು ಮರೆತು, "ನೀವು" ಎಂದೇ ಮಾತಾಡಿಸುತ್ತಿದ್ದರು.

ಇಟಲಿಯ ಉಂಬ್ರಿಯಾದ ಗುಡ್ಡದ ಮೇಲಿನ, ಈಗ ಮ್ಯೂಸಿಯಂ ಆಗಿರುವ ಈ ಮನೆ ಐನೂರು ವರ್ಷದ ಹಿಂದಿನ ಒಬ್ಬ ಚಿತ್ರಕಾರನದು. ತನ್ನ ಕೆಲಸದ ಕೋಣೆಯ ಗೋಡೆಯ ಮೇಲೆ ಅವನು ಹೆಂಡತಿಯ ಚಿತ್ರ ಬರೆದಿದ್ದ. ಭೂಕಂಪದಲ್ಲಿ ಚಿತ್ರದ ಅರ್ಧ ಮುಖ ಉದುರಿಹೋದಾಗ ಮೂರು ವರ್ಷ ಕೂತು ಸರಿಪಡಿಸಿದವರು ಎರ್ಸೀಲಿಯಾ. ನಾಳೆ ಬೆಳಿಗ್ಗೆ ಅವರನ್ನು ಸನ್ಯಾಸಿನಿಯರ ವೃದ್ಧಾಶ್ರಮಕ್ಕೆ ಬಿಡಬೇಕು. ಅದಕ್ಕೆ ಮುಂಚೆ, ಈ ಗೋಡೆಯ ಮುಂದೆ ನಿಂತಾಗಲಾದರೂ, ಒಂದೇ ಒಂದು ಸಲ ತನ್ನನ್ನು "ನೀನು" ಅಂದಾರೇನೋ ಎಂದು ನೀವೆಸ್ ಕರೆತಂದಿದ್ದಳು.

ಕಾವಲುಗಾರ ಗ್ವಾಲ್ತಿಯೇರೊ ಟೋಪಿ ತೆಗೆದ. "ಅಮ್ಮಾವ್ರೇ, ಗುರುತು ಸಿಕ್ತಾ? ದಿನಾ ನಿಮ್ಮ ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ ಕೊಡ್ತಿದ್ದೆ."

"ಅದಕ್ಕೇ ನನ್ನ ಹಲ್ಲೆಲ್ಲಾ ಹೋಯ್ತು!"

ಅವನು ಜೋರಾಗಿ ನಕ್ಕ. ಅದು ನೆನಪೋ, ಬರೀ ನಾಲಿಗೆಯ ಚುರುಕೋ, ನೀವೆಸ್‌ಗೆ ತಿಳಿಯಲಿಲ್ಲ.

ಎರ್ಸೀಲಿಯಾ ಗೋಡೆಗೆ ಮೂಗು ತಾಗುವಷ್ಟು ಬಾಗಿದರು. ಆ ಹೆಂಗಸಿನ ಅರ್ಧ ಮುಖದಲ್ಲಿ ಕೂದಲೆಳೆಯಂಥ ಉದ್ದುದ್ದ ಗೆರೆಗಳು ಮಾತ್ರ ಇದ್ದವು.

"ಒಳ್ಳೇ ಕೈ ಕಣ್ರೀ ಇದು."

"ನಿನ್ನದೇ ಅಮ್ಮಾ."

"ಹೋದ ಜಾಗಕ್ಕೆಲ್ಲ ಬರೀ ಗೆರೆ ಎಳೆದಿದ್ದಾಳೆ. ದೂರ ನಿಂತ್ರೆ ಮುಖ ಅನ್ನಿಸಬೇಕು. ಹತ್ತಿರ ಬಂದ್ರೆ, ಇಲ್ಲ, ಇದು ಉದುರಿಹೋಗಿದೆ ಅಂತ ಗೊತ್ತಾಗಬೇಕು. ನೋಡೋರಿಗೆ ಸುಳ್ಳು ಹೇಳಬಾರದಲ್ವಾ?"

ನೀವೆಸ್‌ಗೆ ತಡೆಯಲಾಗಲಿಲ್ಲ. ಬಾಗಿಲ ತನಕ ಹೋಗಿ, ಕಣ್ಣೊರೆಸಿಕೊಂಡು ತಿರುಗಿದಳು.

"ನೀವೆಸ್!" ಕೋಣೆಯ ಆ ತುದಿಯಿಂದ ಕೂಗು ಬಂತು. "ಕುತ್ತಿಗೆಗೆ ಏನೂ ಸುತ್ತಿಕೊಳ್ಳದೆ ಬಂದಿದೀಯಲ್ಲೇ! ಮತ್ತೆ ಗಂಟಲು ಕಟ್ಟಿಸಿಕೊಂಡು ನನ್ನ ಹತ್ರಾನೇ ಬರ್ತೀಯ, ನೋಡ್ತಿರು."

ನೀವೆಸ್ ಓಡಿದಳು. ತಾಯಿಯ ಎರಡೂ ಕೈಗಳನ್ನು ಹಿಡಿದು ಎದೆಗೊತ್ತಿಕೊಂಡಳು.

ಎರ್ಸೀಲಿಯಾ ಗೋಡೆಯನ್ನು ನೋಡಿದ ಹಾಗೆಯೇ ಅವಳ ಮುಖದ ಹತ್ತಿರಕ್ಕೆ ಬಾಗಿ ನೋಡಿದರು. ಅವರ ಮುಖದ ಮೇಲಿದ್ದ ನಗು ನಿಧಾನವಾಗಿ ಆರಿತು.

"ತಪ್ಪು ತಿಳೀಬೇಡಿ ತಾಯಿ. ಅಷ್ಟು ದೂರದಿಂದ ನನ್ನ ಮಗಳ ಹಾಗೇ ಕಂಡ್ರಿ."

ನೀವೆಸ್ ಕೈ ಬಿಟ್ಟಳು. ತಾಯಿಯ ಮುಖದಿಂದ ಕಣ್ಣು ಕೀಳದೆ, ಒಂದೊಂದೇ ಹೆಜ್ಜೆಯಾಗಿ ಬಾಗಿಲ ಕಡೆಗೆ ಹಿಂದಕ್ಕೆ ನಡೆದಳು.