ನೆಲ ಬಿಟ್ಟ ಕಾಲು

ಬಸುರಿಯರ ಕಾಲು ಎಂಟನೇ ವಾರಕ್ಕೆ ನೆಲ ಬಿಡುತ್ತದೆ, ಅಷ್ಟರೊಳಗೆ ಸೂಲಗಿತ್ತಿಗೆ ಹೇಳಿ ಭಾರದ ಪಟ್ಟಿ ಕಟ್ಟಿಸಿಕೊಳ್ಳಬೇಕು ಎಂಬುದು ಗದಗಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಬೆನ್ನುನೋವಿಗೆಂದು ಸೊಂಟಕ್ಕೆ ರುಬ್ಬುಗುಂಡು ಕಟ್ಟಿಕೊಂಡು ಓಡಾಡುತ್ತಿದ್ದ ಅತ್ತೆ ಗಂಗವ್ವ, “ಮೂರು ತಿಂಗಳು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ದೃಷ್ಟಿ ಆಗ್ತದ,” ಎಂದಿದ್ದಳು. ಹಾಗಾಗಿ ಹತ್ತನೇ ವಾರದಲ್ಲಿ ಶಾಂಭವಿ ಜಂತಿಗೆ ಬೆನ್ನು ತಾಗಿಸಿಕೊಂಡು, ಗಳಕ್ಕೆ ಕಟ್ಟಿದ ಸೌಟಿನಿಂದ ಕೆಳಗಿನ ಸಾರು ತಿರುವುತ್ತಿದ್ದಳು.

ಕಡೆಗೆ ಅವಳೇ ಬೆಳಕಿಂಡಿಯಿಂದ ಕೂಗಿ ಸೂಲಗಿತ್ತಿ ದುರ್ಗವ್ವನನ್ನು ಕರೆದಳು.

“ಈ ಬೆಳಕಿಂಡಿ ದೊಡ್ಡದಿದ್ರ ಹುಡುಗಿ ಇಷ್ಟೊತ್ತಿಗೆ ಹಾರಿ ಹೋಗಿರ್ತಿದ್ಲು!” ದುರ್ಗವ್ವ ಅತ್ತೆಯನ್ನು ಬೈದಳು. “ಪಟ್ಟಿ ನಾಳೆ ತರ್ತೀನಿ. ಸದ್ಯಕ್ಕ ನಿಮ್ಮ ಗುಂಡು ಕೊಡ್ರಿ, ಇಕಿ ಕಾಲಿಗೆ ಕಟ್ಟೂಣು.”

ಗಂಗವ್ವ ಹಿಂದೆ ಸರಿದಳು. ದುರ್ಗವ್ವ ಬಿಡದೆ ಗಂಟು ಬಿಚ್ಚಿಯೇಬಿಟ್ಟಳು.

ಜಂತಿಯ ಹತ್ತಿರ ಶಾಂಭವಿ ಸ್ವಲ್ಪ ಸರಿದು ಅತ್ತೆಗೆ ಜಾಗ ಮಾಡಿಕೊಟ್ಟಳು.